ತೊಂಪೋಯ್ ಕಚ್ಚಿಟ್ಟ ರೊಟ್ಟಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಬಿಷ್ಕೆಕ್‌ನ ಆ ಹಳೆಯ ವಠಾರದ ಮಕ್ಕಳೆಲ್ಲ ಅಂಗಳದಲ್ಲಿ ನಿಂತು, ನಾಲ್ಕನೆಯ ಮಹಡಿಯ ಒಂದು ಕಿಟಕಿಯತ್ತ ಮುಖ ಮಾಡಿ ಶಿಳ್ಳೆ ಹೊಡೆಯುತ್ತಿದ್ದರು. ಎರಡು ಗಿಡ್ಡ, ಒಂದು ಉದ್ದ. ಕಿಟಕಿ ತೆರೆಯುತ್ತಿತ್ತು. ಅರವತ್ತೊಂದು ವರ್ಷದ ಬುರುಲ್ಕಾನ್ ಹಿಟ್ಟಿನ ಕೈಯಲ್ಲೇ ತಲೆ ಹೊರಗೆ ಹಾಕಿ ಅದೇ ಶಿಳ್ಳೆಯನ್ನು ಬಡ್ಡಿ ಸಮೇತ ವಾಪಸ್ ಕೊಡುತ್ತಿದ್ದಳು. ಅದನ್ನು ಕೇಳಿದ ಮೇಲೆಯೇ ಮಕ್ಕಳು ತಂತಮ್ಮ ಮನೆಯ ಟಿವಿಯ ಮುಂದೆ ಕೂರಲು ಓಡುತ್ತಿದ್ದದ್ದು.

ಆ ಶಿಳ್ಳೆ ತೊಂಪೋಯ್‌ನದು. ತೊಂಪೋಯ್ ಅಂದರೆ ‘ಏಳು ಕಣಿವೆ’ ಎಂಬ ಕಾರ್ಟೂನ್ ಧಾರಾವಾಹಿಯಲ್ಲಿ ಬರುವ ಸೂರ್. ನಮ್ಮ ಬೆಟ್ಟಗಳಲ್ಲಿ ಬಿಲ ತೋಡಿಕೊಂಡು ಅರ್ಧ ವರ್ಷ ಮಲಗಿಯೇ ಕಳೆಯುತ್ತದಲ್ಲ, ಆ ದಪ್ಪ ಅಳಿಲಿನಂಥ ಪ್ರಾಣಿ. ಧಾರಾವಾಹಿಯ ನಾಯಕಿ ಎಲ್ನೂರ ಎಂಬ ಹುಡುಗಿ. ಅವಳು ಹಾರುವ ಕುದುರೆ ಏರಿ ಮಾಟಗಾತಿಯರ ಜೊತೆ ಕಾದಾಡುವಾಗ ಅವಳ ಬೆನ್ನ ಹಿಂದೆ ಕೂತು, ಹೆದರಿ ನಡುಗುತ್ತಲೇ, ಒಮ್ಮೆಯೂ ಕೈಬಿಡದವನು ಈ ತೊಂಪೋಯ್. ಎಲ್ನೂರಳನ್ನು ಮಕ್ಕಳು ಮೆಚ್ಚುತ್ತಿದ್ದರು, ತೊಂಪೋಯ್‌ನನ್ನು ಪ್ರೀತಿಸುತ್ತಿದ್ದರು. ಅವನ ಮೈಯನ್ನು ಯಾರು ಯಾರೋ ಬರೆದಿದ್ದರು. ಜೀವ ಮಾತ್ರ ಬುರುಲ್ಕಾನ್‌ಳದು.

ಬುರುಲ್ಕಾನ್ ಮೂವತ್ತೊಂದು ವರ್ಷ ಗೊಂಬೆಯಾಟದ ರಂಗಮಂದಿರದಲ್ಲಿ ಕಪ್ಪು ಪರದೆಯ ಹಿಂದೆ ನಿಂತು ದುಡಿದವಳು. ಮುಳ್ಳುಹಂದಿ, ಕಾಗೆ, ಕುಂಟ ಮೇಕೆ, ಒಮ್ಮೆ ಚಹಾ ಕಾಯಿಸುವ ಒಂದು ಸಿಟ್ಟಿನ ಸಮೋವಾರ್, ಎಲ್ಲವೂ ಆಗಿದ್ದಳು. ಆದರೆ ಬೀದಿಯಲ್ಲಿ ಅವಳ ಮುಖ ನೋಡಿ ‘ಓ, ನೀವಾ?’ ಎಂದವರು ಒಬ್ಬರೂ ಇಲ್ಲ. ನಿವೃತ್ತಿಯಾದ ಮೇಲೆ ಬೆಳಗಿನ ಹೊತ್ತು ಒಂದು ಶಿಶುವಿಹಾರದಲ್ಲಿ ರವೆಗಂಜಿ ಬೇಯಿಸುತ್ತಿದ್ದಳು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ಸ್ಟುಡಿಯೋಗೆ ಹೋಗಿ ತೊಂಪೋಯ್ ಆಗುತ್ತಿದ್ದಳು. ಮುಖ ತೋರಿಸಿ ಮೆರೆಯುವವರ ಸುದ್ದಿ ಎಷ್ಟು ಬೇಕಾದರೂ ಸಿಗುತ್ತದೆ; ಮುಖವನ್ನೇ ತೋರಿಸದೆ ಒಂದು ಊರಿನ ಮಕ್ಕಳನ್ನೆಲ್ಲ ಸಾಕಿದವಳ ಸುದ್ದಿ ಇದು.

ಅವಳ ಮೇಲಿನ ಸಾಲಿನಲ್ಲಿ ಮುಂದಿನ ಒಂದು ಹಲ್ಲು ಇರಲಿಲ್ಲ. ಒಣಗಿಸಿದ ಮೊಸರಿನ ಉಂಡೆಯನ್ನು ಕಡಿಯಲು ಹೋಗಿ ಮುರಿದುಕೊಂಡದ್ದು. ತೊಂಪೋಯ್‌ನ ಶಿಳ್ಳೆ, ಅವನ ಮಾತಿನಲ್ಲಿ ಸುಯ್ಯೆಂದು ನುಸುಳುವ ಗಾಳಿ, ಎಲ್ಲ ಆ ಸಂದಿಯ ಕೊಡುಗೆ. ಮಗ ಪ್ರತಿ ಹಬ್ಬಕ್ಕೂ, “ಅಮ್ಮಾ, ಒಂದು ಹಲ್ಲು ಕಟ್ಟಿಸ್ಕೋ, ನೋಡೋಕಾಗಲ್ಲ,” ಎಂದು ಗೋಗರೆಯುತ್ತಿದ್ದ.

“ಅಲ್ಲಿ ತೊಂಪೋಯ್ ಬಾಡಿಗೆಗಿದಾನೆ ಕಣೋ. ಎಬ್ಬಿಸಿ ಓಡಿಸಕ್ಕಾಗತ್ತಾ?” ಎನ್ನುತ್ತಿದ್ದಳು ಬುರುಲ್ಕಾನ್.

ಅದು ಅರ್ಧ ಸತ್ಯ. ಇನ್ನರ್ಧವನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಮೂರನೆಯ ವರ್ಷದ ಕಂತುಗಳ ಬರಹ ಕೈಗೆ ಬಂದ ಮಂಗಳವಾರ ಅವಳು ಸ್ಟುಡಿಯೋದ ಕುರ್ಚಿಯಲ್ಲಿ ಕೂತು ಓದಿದಳು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು. ತೊಂಪೋಯ್ ಕೆಟ್ಟವನಾಗುತ್ತಿದ್ದ. ಎಲ್ನೂರಳ ಅಪ್ಪನ ಕಿರೀಟಕ್ಕೆ ಆಸೆಪಟ್ಟು, ಅವಳಿಗೇ ತಿರುಗಿಬಿದ್ದು, ವಸಂತಕಾಲವನ್ನೇ ಹಿಡಿದು ಬಿಲದೊಳಗೆ ಮುಚ್ಚಿಬಿಡುತ್ತಿದ್ದ. ಏಳು ಕಣಿವೆಗಳಿಗೂ ಇನ್ನು ಚಳಿಗಾಲವೇ.

“ಮಿರ್ಲಾನ್, ಇಲ್ಲಿ ಬಾರಪ್ಪ,” ಎಂದು ಕರೆದಳು. ಮಿರ್ಲಾನ್ ಧಾರಾವಾಹಿಯ ನಿರ್ದೇಶಕ. ಮೂವತ್ತು ತುಂಬದ ಹುಡುಗ, ತಲೆಯಲ್ಲಿ ಸಾವಿರ ಯೋಚನೆ, ಹೊಟ್ಟೆಗೆ ಬರೀ ಕಾಫಿ. “ಸೂರ್‌ಗೆ ಕಿರೀಟ ಯಾಕೋ? ಕಿವಿಗೆ ಅಡ್ಡ ಬರಲ್ವಾ?”

“ಎಜೆ, ದೊಡ್ಡ ಖಳನಾಯಕ ಬೇಕಿತ್ತು,” ಎಂದ ಅವನು. ನಮ್ಮಲ್ಲಿ ಅಕ್ಕನನ್ನು ಎಜೆ ಎನ್ನುವುದು. “ಯಾರೂ ನೆನೆಸಿರಬಾರದು, ಅಂಥೋನು. ಮಕ್ಕಳು ಕೂತಲ್ಲೇ ಬೆಚ್ಚಿ ಬೀಳ್ಬೇಕು.”

“ಬೀಳ್ತವೆ. ಆಮೇಲೆ ನನ್ನ ಕಿಟಕಿಗೆ ಕಲ್ಲೂ ಬೀಳತ್ತೆ.”

ನಗುತ್ತಲೇ ಮೈಕಿನ ಮುಂದೆ ನಿಂತಳು. ಚಿತ್ರವನ್ನು ಮೊದಲೇ ಬರೆದಾಗಿತ್ತು. ಪರದೆಯ ಮೇಲೆ ತೊಂಪೋಯ್‌ನ ಬಾಯಿ ಎಷ್ಟು ಸಲ ತೆರೆಯುತ್ತದೋ ಅಷ್ಟಕ್ಕೆ ಸರಿಯಾಗಿ ಮಾತು ಕೂರಿಸಬೇಕು. “ಕಿರೀಟ ಇನ್ನು ನನ್ನದು, ಎಲ್ನೂರಾ! ಹಹ್ಹಹ್ಹಾ!” ಎಂದು ಗಂಟಲು ದಪ್ಪ ಮಾಡಿ ಗುಡುಗಿದಳು. ಗಾಜಿನ ಆಚೆ ಎಲ್ಲರೂ ತಲೆ ತಗ್ಗಿಸಿದರು. ಒಂಬತ್ತು ಸಲ ಮಾಡಿಸಿದರು.

“ಎಜೆ, ಬೇಜಾರು ಮಾಡ್ಕೋಬೇಡಿ,” ಎಂದ ಮಿರ್ಲಾನ್ ಕೊನೆಗೆ. “ಮುದಿ ತೋಳಕ್ಕೆ ಕೆಮ್ಮು ಬಂದ ಹಾಗಿದೆ.”

“ನನಗೂ ಹಾಗೇ ಕೇಳ್ತು.”

“ಮೇಲಿನೋರು ಹೇಳ್ತಿದಾರೆ, ನಾಟಕ ಮಂಡಳಿಯಿಂದ ಒಬ್ಬ ದಪ್ಪ ಧ್ವನಿಯವರನ್ನ ಕರೆಸೋಣ ಅಂತ. ಇನ್ಮೇಲೆ ತೊಂಪೋಯ್‌ನ ಅವರೇ ಮಾಡ್ಲಿ ಅಂತ. ಶುಕ್ರವಾರದವರೆಗೆ ನಿಲ್ಲಿಸಿದೀನಿ. ಶುಕ್ರವಾರವೂ ಆಗ್ಲಿಲ್ಲ ಅಂದ್ರೆ…” ಅವನು ವಾಕ್ಯ ಮುಗಿಸಲಿಲ್ಲ. ಹುಡುಗ ಒಳ್ಳೆಯವನೇ.

ಬುರುಲ್ಕಾನ್ ಟ್ರಾಲಿ ಬಸ್ಸಿನಲ್ಲಿ ಮನೆಗೆ ಹೊರಟಳು. ತೊಂಪೋಯ್ ಕೆಟ್ಟವನಾಗುವುದನ್ನು ಅವಳು ಸಹಿಸಬಲ್ಲಳು. ಗೊಂಬೆಗಳು ಏನೇನೋ ಆಗುತ್ತವೆ. ಅವನನ್ನು ಬೇರೆಯವರ ಬಾಯಿಗೆ ಕೊಡುವುದು ಮಾತ್ರ ಅವಳ ಕೈಲಾಗದ ಮಾತು. ಕೆಟ್ಟು ಹೋಗುವ ಹೊತ್ತಿಗೆ ಮಗುವನ್ನು ಪಕ್ಕದ ಮನೆಗೆ ಕಳಿಸುವ ತಾಯಿ ಯಾರಿದ್ದಾಳೆ?

ಆ ಸಂಜೆ ಅವಳು ಹಳೆಯ ಕಂತುಗಳನ್ನೆಲ್ಲ ಹಾಕಿಕೊಂಡು ನೋಡುತ್ತ ಕೂತಳು, ಇವನಿಗೆ ಕೆಟ್ಟವನಾಗಲು ಕಾರಣ ಎಲ್ಲಾದರೂ ಸಿಕ್ಕೀತೇ ಎಂದು. ಮೊದಲ ವರ್ಷದ ಒಂಬತ್ತನೆಯ ಕಂತಿನಲ್ಲಿ ಸಿಕ್ಕಿತು. ತೊಂಪೋಯ್ ಚಳಿಗಾಲದ ನಿದ್ದೆಗೆ ಹೊರಟಿದ್ದಾನೆ. ಎಲ್ನೂರ ತಂದೂರಿನಿಂದ ಆಗಷ್ಟೇ ತೆಗೆದ ದುಂಡನೆಯ ರೊಟ್ಟಿಯನ್ನು ಹಿಡಿದಿದ್ದಾಳೆ. ದೂರ ಹೋಗುವವರು ಹೊರಡುವ ಮೊದಲು ಮಾಡುವಂತೆ ಅವನು ಅದನ್ನು ಒಂದೇ ಒಂದು ಸಲ ಕಚ್ಚುತ್ತಾನೆ. ಅವಳು ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕುತ್ತಾಳೆ. ಹೋದವರು ಬಂದು ಉಳಿದದ್ದನ್ನು ತಿಂದು ಮುಗಿಸುವವರೆಗೆ ಅದು ಅಲ್ಲೇ ಇರಬೇಕು; ಅದು ಇರುವ ತನಕ ಅವರಿಗೆ ವಾಪಸ್ ಬರುವ ದಾರಿ ತೆರೆದಿರುತ್ತದೆ. ಸೈನ್ಯಕ್ಕೆ ಹೋಗುವ ಹುಡುಗನಿಗೂ, ರಷ್ಯಾಕ್ಕೆ ದುಡಿಯಲು ಹೋಗುವ ಹೆಂಗಸಿಗೂ ನಾವು ಮಾಡುವುದು ಇದನ್ನೇ.

ಎರಡನೆಯ ವರ್ಷದ ಮೊದಲ ಕಂತು ಹಾಕಿದಳು. ತೊಂಪೋಯ್ ಎದ್ದು ಬರುತ್ತಾನೆ, ಶಿಳ್ಳೆ ಹೊಡೆಯುತ್ತಾನೆ, ಕುದುರೆ ಹತ್ತುತ್ತಾನೆ. ರೊಟ್ಟಿಯ ಸೊಲ್ಲೇ ಇಲ್ಲ. ಎಲ್ನೂರಳ ಮನೆಯನ್ನು ಹೊಸದಾಗಿ ಬರೆದ ಚಿತ್ರಕಾರರು ಆ ಮೊಳೆಗೆ ಒಂದು ಗಡಿಯಾರ ನೇತುಹಾಕಿಬಿಟ್ಟಿದ್ದರು. ತೊಂಪೋಯ್‌ಗೆ ಧ್ವನಿ ಕೊಟ್ಟ ತಾನೇ ಅದನ್ನು ಗಮನಿಸಿರಲಿಲ್ಲ.

ಬುರುಲ್ಕಾನ್ ಎದ್ದು ಹೋಗಿ ತನ್ನ ಅಡುಗೆಮನೆಯ ಗೋಡೆಯನ್ನು ನೋಡಿದಳು. ಅಲ್ಲೂ ಒಂದು ಮೊಳೆ. ಅದರಲ್ಲಿ ಕ್ಯಾಲೆಂಡರ್.

ಆ ಮೊಳೆ ಬಾತ್ಮಾಳದು. ಬಾತ್ಮಾ ಅದೇ ಅಂಗಳದ ಎದುರು ಕಟ್ಟಡದ ಕೆಳಮನೆಯವಳು, ಗೊಂಬೆಯಾಟದಲ್ಲಿ ಜೊತೆಗಿದ್ದವಳು. ರಂಗಮಂದಿರದ ದೊಡ್ಡ ಒಂಟೆಯನ್ನು ಇಬ್ಬರು ಸೇರಿ ಆಡಿಸಬೇಕಿತ್ತು: ಮುಂದಿನ ಕಾಲು ಬಾತ್ಮಾ, ಹಿಂದಿನ ಕಾಲು ಬುರುಲ್ಕಾನ್. ಹದಿನಾರು ವರ್ಷ ಹಾಗೆ ಒಂದೇ ಒಂಟೆಯ ಹೊಟ್ಟೆಯೊಳಗೆ ಬಗ್ಗಿ ನಡೆದವರ ನಡುವೆ ಗುಟ್ಟು ಅನ್ನುವುದು ಉಳಿಯುತ್ತದೆಯೇ? ಹತ್ತೊಂಬತ್ತು ವರ್ಷದ ಹಿಂದೆ ಬಾತ್ಮಾಳ ಗಂಡ ತೀರಿಕೊಂಡ. ಅವಳು ಮೂರು ವರ್ಷಕ್ಕೆಂದು ರಷ್ಯಾಕ್ಕೆ ದುಡಿಯಲು ಹೊರಟಳು. ಅವಳಿಗೆ ಹಿರಿಯರು ಯಾರೂ ಇರಲಿಲ್ಲವಾದ್ದರಿಂದ ರೊಟ್ಟಿ ಕಚ್ಚಿದ್ದು ಬುರುಲ್ಕಾನ್‌ಳ ಅಡುಗೆಮನೆಯಲ್ಲಿ.

ಮೂರು ವರ್ಷ ಹನ್ನೊಂದಾಯಿತು. ಆರನೆಯ ವರ್ಷ ಬುರುಲ್ಕಾನ್‌ಳ ಮಗನ ಮದುವೆ. ಮನೆಗೆ ಸುಣ್ಣ ಬಳಿಸಬೇಕಿತ್ತು. ಆ ಗಡಿಬಿಡಿಯಲ್ಲಿ ಅವಳು ಬಟ್ಟೆಯ ಗಂಟನ್ನು ಇಳಿಸಿದಳು. ಕಲ್ಲಾಗಿದ್ದ ರೊಟ್ಟಿಯನ್ನು ನೋಡಿದಳು. ಇನ್ನೆಲ್ಲಿ ಬರುತ್ತಾಳೆ ಇವಳು ಅಂದುಕೊಂಡಳು. ಕಸಕ್ಕೆ ಎಸೆಯಲಿಲ್ಲ, ಅಷ್ಟು ಕೆಟ್ಟವಳಲ್ಲ. ನೀರಲ್ಲಿ ನೆನೆಸಿ ಗುಬ್ಬಿಗಳಿಗೆ ಹಾಕಿದಳು. ಆಮೇಲೆ ಐದು ವರ್ಷ, ಬಾತ್ಮಾ ಫೋನ್ ಮಾಡಿ, “ನನ್ನ ರೊಟ್ಟಿ ಇದೆಯಾ ಕಣೇ?” ಎಂದಾಗಲೆಲ್ಲ, “ಇದೆ ಕಣೇ, ಎಲ್ಲಿಗೆ ಹೋಗತ್ತೆ?” ಎಂದಳು.

ನಾಳೆ ಬರುತ್ತೇನೆ ಎಂದು ಬಾತ್ಮಾ ಫೋನ್ ಮಾಡಿದ ದಿನ ಬುರುಲ್ಕಾನ್ ಓಡಿ ಹೋಗಿ ಒಂದು ರೊಟ್ಟಿ ತಂದಳು, ಒಲೆಯಲ್ಲಿ ಒಣಗಿಸಿದಳು, ತಾನೇ ಒಂದು ಸಲ ಕಚ್ಚಿದಳು, ಹಳೆಯ ಬಟ್ಟೆಯಲ್ಲಿ ಕಟ್ಟಿ ಮೊಳೆಗೆ ಹಾಕಿದಳು. ಬಾತ್ಮಾ ವಿಮಾನ ನಿಲ್ದಾಣದಿಂದ ನೇರ ಅಲ್ಲಿಗೇ ಬಂದಳು. ಅಪ್ಪಿಕೊಂಡು ಇಬ್ಬರೂ ಅತ್ತರು. ಬಾತ್ಮಾ ಗೆಳತಿಯ ಬಾಯಿ ನೋಡಿ, “ಅಯ್ಯೋ, ಹಲ್ಲೆಲ್ಲಿ ಹೋಯ್ತೇ?” ಎಂದು ನಕ್ಕಳು. ಆಮೇಲೆ ಗಂಟು ಬಿಚ್ಚಿದಳು.

ಕಚ್ಚಿದ ಗುರುತಿನ ನಡುವೆ ಸ್ಪಷ್ಟವಾಗಿ ಒಂದು ಹಲ್ಲಿನ ಜಾಗ ಖಾಲಿ ಇತ್ತು.

ಬಾತ್ಮಾ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ನನ್ನ ಹಲ್ಲು ಪೂರ್ತಿ ಇವೆ, ಬುರುಲ್,” ಎಂದಳು, ಮೆಲ್ಲಗೆ. “ಅಲ್ಲಿ ಮಂಜಲ್ಲಿ ಬಿದ್ದು ಕಾಲು ಮುರ್ಕೊಂಡು ಮಲಗಿದ್ದೆ. ಚಳಿ ಆದಾಗೆಲ್ಲ, ಗೋಡೆ ಮೇಲೆ ನನ್ನ ರೊಟ್ಟಿ ಇದೆ ಅಂದ್ಕೊಂಡೆ. ಅದಕ್ಕೇ ಎದ್ದು ನಿಂತೆ.” ರೊಟ್ಟಿಗೆ ಕೊಡುವ ಮರ್ಯಾದೆ ತಪ್ಪಿಸದೆ, ಅದನ್ನು ಬೋರಲು ಹಾಕದೆ ಅಂಗಾತವಾಗಿಯೇ ಮೇಜಿನ ಮೇಲಿಟ್ಟು, ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದಳು. ಅದಾಗಿ ಎಂಟು ವರ್ಷ. ಒಂದೇ ಅಂಗಳ, ಒಂದೇ ಅಂಗಡಿ, ಒಂದು ಮಾತಿಲ್ಲ. ಎದುರಾದರೆ ಬಾತ್ಮಾ ಬೇಲಿ ಸುತ್ತಿಕೊಂಡು ಹೋಗುತ್ತಿದ್ದಳು. ಹಲ್ಲು ಕಟ್ಟಿಸಿಕೊಳ್ಳದೆ ಇದ್ದುದರ ಇನ್ನರ್ಧ ಸತ್ಯ ಇದೇ. ತಪ್ಪಿನ ಗುರುತನ್ನು ಮುಚ್ಚಿಬಿಡಲು ಬುರುಲ್ಕಾನ್‌ಗೆ ಮನಸ್ಸು ಬಂದಿರಲಿಲ್ಲ.

ಬುಧವಾರ, ಗುರುವಾರ ಅವಳು ಗಂಜಿ ಕಲಕುತ್ತಲೇ ಬೆರಳು ಮಡಿಸಿ, ಪರದೆಯ ಮೇಲೆ ಬಾಯಿ ತೆರೆಯುವುದನ್ನೆಲ್ಲ ನೆನೆದು ಎಣಿಸಿದಳು. ತೊಂಪೋಯ್ ಬಾಗಿಲು ನೂಕಿ ಬರುವಾಗ ಎಷ್ಟು, ನಗುವಾಗ ಎಷ್ಟು, ಬಿಲದ ಬಾಯಿಗೆ ಬಂಡೆ ಉರುಳಿಸುವಾಗ ಎಷ್ಟು. ಒಂದು ದಿನ ಗಂಜಿ ತಳ ಹಿಡಿಯಿತು. ಇಷ್ಟು ವರ್ಷದಲ್ಲಿ ಅವಳ ಕೈಯಲ್ಲಿ ಕೆಲಸ ಕೆಟ್ಟದ್ದನ್ನು ಕಂಡವರಿಲ್ಲ, ಆದರೆ ಈಗ ಕೈಯಲ್ಲಿದ್ದದ್ದು ಅದಕ್ಕಿಂತ ದೊಡ್ಡ ಕೆಲಸ.

ಶುಕ್ರವಾರ ಮಿರ್ಲಾನ್‌ನ ಮುಂದೆ ಒಂದು ಹಾಳೆ ಇಟ್ಟಳು. “ಒಂದನೇ ವರ್ಷದ ಒಂಬತ್ತನೇ ಕಂತಲ್ಲಿ ಒಂದು ರೊಟ್ಟಿ ಇತ್ತಲ್ಲ, ಏನಾಯ್ತು?”

“ಯಾವ ರೊಟ್ಟಿ?”

“ಹ್ಞಾ. ಅದೇ. ಎಲ್ನೂರಾನೂ ಹೀಗೇ ಮರೆತುಬಿಟ್ಟಿದ್ದು.”

ಮಿರ್ಲಾನ್ ಹಳೆಯ ಕಂತು ಹಾಕಿ ನೋಡಿದ. ಗೋಡೆಯ ಗಂಟು ನೋಡಿದ. ಎರಡನೆಯ ವರ್ಷದ ಗಡಿಯಾರ ನೋಡಿದ. ಅವನ ಮುಖ ಕೆಂಪಾಯಿತು. ಅವನ ಅಜ್ಜಿಯ ಮನೆಯಲ್ಲೂ ಅಂಥ ಗಂಟು ನೇತಾಡುತ್ತಿದ್ದಿರಬೇಕು. “ಅಯ್ಯೋ ದೇವರೇ. ನಾವೆಂಥ ಜನ,” ಎಂದ.

“ಮರೆಯೋ ಜನ. ಚಿತ್ರ ಒಂದೂ ಬದಲಾಯಿಸ್ಬೇಡ. ಬಾಯಿ ಲೆಕ್ಕ ಸರಿ ಇದೆ, ಮಾತು ಮಾತ್ರ ಬೇರೆ. ಒಂದು ಸಲ ಕೇಳು. ಸರಿ ಬರ್ಲಿಲ್ಲ ಅಂದ್ರೆ ನಿನ್ನ ನಾಟಕದೋರನ್ನ ಕರ್ಸು, ನಾನು ಕುಯ್ ಅನ್ನಲ್ಲ.”

ಮೈಕಿನ ಮುಂದೆ ನಿಂತು ಅವಳು ಕೈಚೀಲದಿಂದ ಒಂದು ತುಣುಕು ರೊಟ್ಟಿ ತೆಗೆದಳು. ಮೃದುವಾದ ತಿರುಳನ್ನು ಹಿಸುಕಿ ಉಂಡೆ ಮಾಡಿ ಆ ಹಲ್ಲಿನ ಸಂದಿಗೆ ಒತ್ತಿದಳು. ಗಾಜಿನ ಆಚೆ ಇದ್ದವರಿಗೆ ಅರ್ಥವಾಗಲಿಲ್ಲ. ಪರದೆಯ ಮೇಲೆ ತೊಂಪೋಯ್ ಬಾಗಿಲು ನೂಕಿದ, ಗೋಡೆಯತ್ತ ನೋಡಿದ. ಬುರುಲ್ಕಾನ್ ಬಾಯಿ ತೆರೆದಳು.

“ನನ್ನ ರೊಟ್ಟಿ ಎಲ್ಲಿ, ಎಲ್ನೂರಾ?”

ಶಿಳ್ಳೆ ಇಲ್ಲ. ಸುಯ್ಯೆನ್ನುವ ಗಾಳಿ ಇಲ್ಲ. ಎರಡು ವರ್ಷ ಎಲ್ಲರೂ ಕೇಳಿದ್ದ ಧ್ವನಿಯೇ, ಆದರೆ ಅದರ ಬಿಸಿಯೆಲ್ಲ ಹೋಗಿತ್ತು. ಎತ್ತರಿಸಿದ ಮಾತಲ್ಲ, ಮೆಲ್ಲಗೆ. ಅಟ್ಟಹಾಸಕ್ಕೆಂದು ಬರೆದಿದ್ದ ಮೂರು ಬಾಯಿಗಳಿಗೆ ಅವಳು, “ಇಲ್ಲ. ಇಲ್ಲ. ಇಲ್ಲ,” ಎಂದಳು, ಗೋಡೆಯ ಒಂದೊಂದೇ ಕಡೆ ಹುಡುಕುವವಳ ಹಾಗೆ. “ನಿದ್ದೇಲಿ ಚಳಿ ಆದಾಗೆಲ್ಲ, ಗೋಡೆ ಮೇಲೆ ನನ್ನ ರೊಟ್ಟಿ ಇದೆ ಅಂದ್ಕೊಂಡೆ. ಅದಕ್ಕೇ ಎದ್ದು ಬಂದೆ.” ಆಮೇಲೆ ಬಂಡೆ ಉರುಳಿಸುತ್ತ, “ಇನ್ನು ಯಾರೂ ಏಳೋದು ಬೇಡ.”

ಧ್ವನಿಮುದ್ರಣದವನು ಗುಂಡಿ ಒತ್ತಿ ನಿಲ್ಲಿಸುವುದನ್ನೇ ಮರೆತಿದ್ದ. ಮಿರ್ಲಾನ್ ಒಳಗೆ ಬಂದು ರೊಟ್ಟಿಯ ತಿರುಳು ಮೆತ್ತಿದ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಎಜೆ, ನಾಟಕದೋರು ಬೇಡ. ತೊಂಪೋಯ್ ನಿಮ್ಮೋನೇ,” ಎಂದ.

ಬುರುಲ್ಕಾನ್ ಹಲ್ಲಿನ ಸಂದಿಯ ರೊಟ್ಟಿಯನ್ನು ನಾಲಿಗೆಯಿಂದ ಬಿಡಿಸಿ ನುಂಗಿದಳು. ಅದನ್ನು ಉಗಿಯುವ ಹಾಗಿರಲಿಲ್ಲ. ಗೆದ್ದಿದ್ದಳು, ನಿಜ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ನಾಚಿಕೆಯಾಯಿತು. ತನ್ನ ಮಾತು ಒಂದನ್ನೂ ಅವಳು ಹಾಕಿರಲಿಲ್ಲ; ಎಲ್ಲ ಬಾತ್ಮಾಳದು. ಕೇಳದೆ ತೆಗೆದುಕೊಂಡದ್ದು.

ಆ ಕಂತು ಬಂದ ಭಾನುವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಎಂದಿನಂತೆ ಶಿಳ್ಳೆ. ಅವಳು ಉತ್ತರ ಕೊಟ್ಟಳು, ಸ್ವಲ್ಪ ತಡವಾಗಿ. ಹತ್ತೂವರೆಗೆ ಕಂತು ಮುಗಿಯಿತು. ಅಂಗಳಕ್ಕೆ ಒಂದು ಮಗುವೂ ಇಳಿಯಲಿಲ್ಲ. ಹನ್ನೊಂದಾಯಿತು. ಯಾರೋ ಕಂಬಳಿ ಬಡಿಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಇನ್ನೆಂದೂ ಆ ಮಕ್ಕಳು ತನ್ನ ಕಿಟಕಿಯತ್ತ ನೋಡುವುದಿಲ್ಲ ಎಂದುಕೊಂಡು ಬುರುಲ್ಕಾನ್ ಚಹಾ ಮಾಡಿಕೊಂಡು ಕುಡಿಯದೆ ಕೂತಳು.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಕಾಲು ಭಾರ, ಒಂದು ಕಾಲು ಹಗುರ. ಹದಿನಾರು ವರ್ಷ ಒಂಟೆಯೊಳಗೆ ಆ ಹೆಜ್ಜೆಯ ಹಿಂದೆಯೇ ನಡೆದವಳಿಗೆ ಅದು ಗೊತ್ತಾಗದೆ ಇರುತ್ತದೆಯೇ? ಈಗ ಕುಂಟು ಮಾತ್ರ ಸೇರಿತ್ತು.

ಬಾಗಿಲು ತೆರೆದಳು. ಬಾತ್ಮಾ ಏದುಸಿರು ಬಿಡುತ್ತ ನಿಂತಿದ್ದಳು, ಮನೆಯ ಚಪ್ಪಲಿಯಲ್ಲೇ.

“ಆ ಸೂರ್ ನನ್ನ ಹಾಗೆ ಮಾತಾಡತ್ತೆ,” ಎಂದಳು.

“ಹೌದು.”

“ಏನೇ, ನಾನು ಅಷ್ಟು ಕೆಟ್ಟವಳಾ? ವಸಂತಕಾಲ ಮುಚ್ಚಿ ಹಾಕೋ ಅಷ್ಟು?”

“ಕೆಟ್ಟವಳು ಎಲ್ನೂರ.” ಬುರುಲ್ಕಾನ್ ಬಾಗಿಲ ಚಿಲಕ ಹಿಡಿದೇ ಹೇಳಿದಳು. “ಎಲ್ನೂರ ಅಂದ್ರೆ ನಾನು ಕಣೇ. ನೆನೆಸಿ ಗುಬ್ಬಿಗೆ ಹಾಕಿದೆ. ಸುಣ್ಣ ಬಳಿಯೋವಾಗ. ಐದು ವರ್ಷ ಸುಳ್ಳು ಹೇಳಿದೆ. ಆಮೇಲೆ ಕಚ್ಚಿದ್ದೂ ನಾನೇ.”

“ಅದು ಗೊತ್ತು. ಆ ಸಂದೀಲಿ ಕುರಿ ನುಗ್ಗತ್ತೆ.”

ಬಾತ್ಮಾ ನಗಲಿಲ್ಲ. ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ಕ್ಯಾಲೆಂಡರ್ ನೋಡಿದಳು. ಮೇಜಿನ ಮೇಲಿನ ಚಹಾ ನೋಡಿದಳು. “ಎಂಟು ವರ್ಷದಿಂದ ನೀನು ಒಂದು ಮಾತು ಹೇಳ್ತೀಯೇನೋ ಅಂತ ಕಾದೆ,” ಎಂದಳು. “ಇವತ್ತು ಟಿವೀಲಿ ಹೇಳ್ದೆ. ಊರೆಲ್ಲ ಕೇಳೋ ಹಾಗೆ.” ಚಹಾದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು, “ಆ ಸೂರ್ ವಾಪಸ್ ಬರ್ತಾನಾ?”

“ಇನ್ನೂ ಬರೆದಿಲ್ಲ.”

“ಹಾಲಿಲ್ವಾ ಚಹಾಕ್ಕೆ?”

“ಮುಗಿದಿದೆ.”

ಬಾತ್ಮಾ ಎದ್ದಳು. ಮೇಜಿನ ಮೇಲೆ ಬೆಳಿಗ್ಗೆ ತಂದ ರೊಟ್ಟಿ ಇತ್ತು. ಅದನ್ನು ಎತ್ತಿ, ಗೆಳತಿಯ ಮುಖವನ್ನೇ ನೋಡುತ್ತ ಒಂದು ಸಲ ಕಚ್ಚಿದಳು. ನಿಧಾನವಾಗಿ ಅಗಿದಳು. ಉಳಿದದ್ದನ್ನು ಬುರುಲ್ಕಾನ್‌ಳ ಕೈಗೆ ಕೊಟ್ಟಳು.

“ಅಂಗಡಿಗೆ ಹೋಗಿ ಹಾಲು ತರ್ತೀನಿ,” ಎಂದಳು. “ಇಟ್ಟಿರು.”

ಅಂಗಡಿ ಅಂಗಳದ ತುದಿಯಲ್ಲಿತ್ತು. ಹೋಗಿ ಬರಲು ಐದು ನಿಮಿಷ ಸಾಕು. ಬುರುಲ್ಕಾನ್ ಕ್ಯಾಲೆಂಡರನ್ನು ಕಿತ್ತು ನೆಲಕ್ಕೆ ಹಾಕಿದಳು. ಶುಭ್ರವಾದ ಬಟ್ಟೆಯಲ್ಲಿ ರೊಟ್ಟಿ ಕಟ್ಟಿ ಆ ಮೊಳೆಗೆ ತೂಗುಹಾಕಿ ಎದುರಿಗೇ ಸ್ಟೂಲು ಎಳೆದುಕೊಂಡು ಕೂತಳು. ಹತ್ತು ನಿಮಿಷವಾಯಿತು. ಕಿಟಕಿಯ ಹೊರಗೆ ಗುಬ್ಬಿಗಳು ಸದ್ದು ಮಾಡಿದವು. ಎದ್ದು ಕಿಟಕಿ ಮುಚ್ಚಿ ಬಂದಳು. ಒಲೆಯ ಮೇಲೆ ನೀರು ಕುದಿದು ಅರ್ಧವಾಯಿತು. ಅವಳು ಗಂಟಿನಿಂದ ಕಣ್ಣು ತೆಗೆಯಲಿಲ್ಲ. ಇಪ್ಪತ್ತು ನಿಮಿಷ. ಕೆಳಗೆ ಅಂಗಳದಲ್ಲಿ ಯಾವುದೋ ಮಗು ಹಿಂಜರಿಯುತ್ತ ಶಿಳ್ಳೆ ಹೊಡೆಯಿತು, ಎರಡು ಗಿಡ್ಡ, ಒಂದು ಉದ್ದ. ಕೂತಲ್ಲಿಂದಲೇ ಉತ್ತರ ಕೊಟ್ಟಳು.

ಮೆಟ್ಟಿಲ ಮೇಲೆ ಆ ಭಾರದ ಕಾಲು, ಹಗುರದ ಕಾಲು.

“ಸಾಲಿತ್ತು,” ಎಂದಳು ಬಾತ್ಮಾ ಹಾಲು ಕೆಳಗಿಡುತ್ತ. ಆಮೇಲೆ ಗೋಡೆಯ ಹತ್ತಿರ ಹೋಗಿ ಗಂಟು ಬಿಚ್ಚಿದಳು. ಕಚ್ಚಿದ ಜಾಗದ ಮೇಲೆ ಬೆರಳಾಡಿಸಿ, ಒಂದೂ ಬಿಡದೆ ತನ್ನ ಹಲ್ಲುಗಳನ್ನೆಲ್ಲ ಎಣಿಸಿದಳು.

“ನನ್ನದೇ,” ಎಂದು ಕೂತು ತಿಂದಳು.